ಒಂದು ಬ್ಯಾಕ್‌ಸ್ಲ್ಯಾಶ್, ಒಂಬತ್ತೂವರೆ ವರ್ಷ: ಸುಡೊ ದೋಷದ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಲಿನಕ್ಸ್ ಬಳಸುವವರ ಕೈ ಪ್ರತಿದಿನ ಟೈಪ್ ಮಾಡುವ ಪದ ಸುಡೊ. ಸಾಮಾನ್ಯ ಬಳಕೆದಾರರೊಬ್ಬರಿಗೆ ಒಂದು ಕೆಲಸದ ಮಟ್ಟಿಗೆ ರೂಟ್ ಅಧಿಕಾರ, ಅಂದರೆ ಇಡೀ ಯಂತ್ರದ ಯಜಮಾನಿಕೆ, ಕೊಡುವ ಪುಟ್ಟ ಸಾಧನ ಅದು. 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದರ ಮೊದಲ ರೂಪ ಬರೆದರು. 1990ರ ದಶಕದಿಂದ ಇದನ್ನು ಕಾಪಾಡಿಕೊಂಡು ಬಂದಿರುವವರು ಟಾಡ್ ಮಿಲ್ಲರ್. ಬೆಂಗಳೂರಿನ ಕಂಪನಿಗಳ ಸರ್ವರ್‌ಗಳಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳವರೆಗೆ ಉಬುಂಟು ಇರುವಲ್ಲೆಲ್ಲ ಇದೂ ಇದೆ.

2021ರ ಜನವರಿ 26ರಂದು ಕ್ವಾಲಿಸ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಈ ಸಾಧನದಲ್ಲಿ ಒಂದು ಗಂಭೀರ ದೋಷವಿದೆ ಎಂದು ಪ್ರಕಟಿಸಿದರು. ಸಂಖ್ಯೆ ಸಿವಿಇ-2021-3156. ಅವರಿಟ್ಟ ಹೆಸರು ಬ್ಯಾರನ್ ಸಮೆಡಿಟ್. ದೋಷ ಒಳಗೆ ಬಂದದ್ದು 2011ರ ಜುಲೈನಲ್ಲಿ. 1.8.2ರಿಂದ 1.8.31ಪಿ2ವರೆಗಿನ ಮತ್ತು 1.9.0ರಿಂದ 1.9.5ಪಿ1ವರೆಗಿನ ಎಲ್ಲ ಆವೃತ್ತಿಗಳಲ್ಲೂ ಅದು ಕೂತಿತ್ತು. ಸರಿಪಡಿಸಿದ್ದು 1.9.5ಪಿ2ರಲ್ಲಿ.

ತೇಪೆ (ಪ್ಯಾಚ್) ಬಂದು ವರ್ಷಗಳಾದರೂ ಈ ದೋಷದ ಬಗ್ಗೆ, ಒಟ್ಟಾರೆ ಮೆಮೊರಿ ದೋಷಗಳ ಬಗ್ಗೆ, ಕೆಲವು ಮಾತುಗಳು ವಿದ್ಯಾರ್ಥಿಗಳಿಂದ, ಸಿಸ್ಟಂ ಅಡ್ಮಿನ್‌ಗಳಿಂದ ಮತ್ತೆ ಮತ್ತೆ ಕೇಳಿಬರುತ್ತವೆ. ಕೇಳುವುದಕ್ಕೆ ಸರಿಯೆನಿಸುವ ಈ ಮಾತುಗಳೇ ಅಪ್‌ಡೇಟನ್ನು ನಾಳೆಗೆ ತಳ್ಳುವುದು. ಆದ್ದರಿಂದ ಒಂದೊಂದನ್ನೇ ಎತ್ತಿಕೊಂಡು ನೋಡೋಣ.

ತಪ್ಪು ಕಲ್ಪನೆ 1: ಇಂಥ ದೋಷ ಪರಿಣತರಿಗೆ ಮಾತ್ರ ಅರ್ಥವಾಗುವ ಸಂಗತಿ.

ವಾಸ್ತವ: ಮೊದಲ ವರ್ಷದಲ್ಲಿ ಸಿ ಭಾಷೆ ಕಲಿತ ಯಾರಿಗಾದರೂ ಇದು ಅರ್ಥವಾಗುತ್ತದೆ. ಬೇಕಾದದ್ದು ಎರಡೇ ವಿಷಯ. ಸಿ ಭಾಷೆಯಲ್ಲಿ ಒಂದು ಸ್ಟ್ರಿಂಗ್ ಎಲ್ಲಿ ಮುಗಿಯಿತು ಎಂದು ತಿಳಿಸುವುದು ಅದರ ಕೊನೆಯಲ್ಲಿರುವ ನಲ್ ಬೈಟ್. ಇನ್ನು ಬ್ಯಾಕ್‌ಸ್ಲ್ಯಾಶ್ ಎಂಬುದು "ನನ್ನ ಮುಂದಿರುವ ಅಕ್ಷರಕ್ಕೆ ವಿಶೇಷ ಅರ್ಥ ಹಚ್ಚಬೇಡ, ಇದ್ದ ಹಾಗೇ ತೆಗೆದುಕೋ" ಎಂದು ಹೇಳುವ ಗುರುತು.

ಸುಡೊಗೆ ಶೆಲ್ (ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಂ) ಮೂಲಕ ಆದೇಶ ನಡೆಸು ಎಂದು ಹೇಳಿದಾಗ ಒಳಗೆ ಎರಡು ಹಂತದ ಕೆಲಸ ನಡೆಯುತ್ತದೆ. ಮೊದಲ ಹಂತದ ಕೋಡ್ ನಾವು ಕೊಟ್ಟ ಪದಗಳನ್ನು ಓದಿ, ವಿಶೇಷ ಚಿಹ್ನೆಗಳ ಹಿಂದೆಲ್ಲ ಒಂದೊಂದು ಬ್ಯಾಕ್‌ಸ್ಲ್ಯಾಶ್ ಹಾಕುತ್ತದೆ. ನಾವೇ ಒಂದು ಬ್ಯಾಕ್‌ಸ್ಲ್ಯಾಶ್ ಕೊಟ್ಟಿದ್ದರೆ ಅದೂ ಎರಡಾಗುತ್ತದೆ. ಎರಡನೇ ಹಂತದ ಕೋಡ್ ಆ ಬ್ಯಾಕ್‌ಸ್ಲ್ಯಾಶ್‌ಗಳನ್ನು ಕಳಚಿ, ಪದಗಳನ್ನು ಒಂದರ ಪಕ್ಕ ಒಂದರಂತೆ ಹೀಪ್ ಮೆಮೊರಿಯ, ಅಂದರೆ ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವ ಮೆಮೊರಿಯ, ಹೊಸ ಜಾಗದಲ್ಲಿ ಬರೆಯುತ್ತದೆ. ಮೊದಲ ಹಂತ ನಡೆದಿದ್ದರೆ ಯಾವ ಪದವೂ ಒಂಟಿ ಬ್ಯಾಕ್‌ಸ್ಲ್ಯಾಶ್‌ನಲ್ಲಿ ಮುಗಿಯಲು ಸಾಧ್ಯವಿಲ್ಲ. ಎರಡನೇ ಹಂತ ಅದನ್ನೇ ನಂಬಿಕೊಂಡಿತ್ತು.

ಆದರೆ ಸುಡೊಗೆ ಸುಡೊಎಡಿಟ್ ಎಂಬ ಇನ್ನೊಂದು ಹೆಸರಿದೆ. ಕಡತಗಳನ್ನು ತಿದ್ದಲು ಬಳಸುವ ಹೆಸರು ಅದು. ಸುಡೊಗೆ ಎಡಿಟ್ ಆಯ್ಕೆ ಕೊಟ್ಟು ಜೊತೆಗೆ ಶೆಲ್ ಆಯ್ಕೆಯನ್ನೂ ಕೊಟ್ಟರೆ "ಈ ಎರಡು ಒಟ್ಟಿಗೆ ನಡೆಯುವುದಿಲ್ಲ" ಎಂದು ಅದು ತಿರಸ್ಕರಿಸುತ್ತಿತ್ತು. ಅದೇ ಕೆಲಸವನ್ನು ಸುಡೊಎಡಿಟ್ ಎಂಬ ಹೆಸರಿನಿಂದ ಕರೆದು ಶೆಲ್ ಆಯ್ಕೆ ಕೊಟ್ಟರೆ ತಿರಸ್ಕರಿಸಲು ಮರೆಯುತ್ತಿತ್ತು. ಆ ದಾರಿಯಲ್ಲಿ ಮೊದಲ ಹಂತ ಬ್ಯಾಕ್‌ಸ್ಲ್ಯಾಶ್ ಸೇರಿಸುವುದಿಲ್ಲ, ಎರಡನೇ ಹಂತ ಮಾತ್ರ ಕಳಚುತ್ತದೆ.

ಈಗ ಲೆಕ್ಕ ಹಾಕಿ. ಮೊದಲ ಪದ ಒಂದೇ ಒಂದು ಬ್ಯಾಕ್‌ಸ್ಲ್ಯಾಶ್, ಎರಡನೆಯದು ಎ ಅಕ್ಷರ 100 ಸಲ. ಬೇಕಾದ ಜಾಗವನ್ನು ಕೋಡ್ ಸ್ಟ್ರಿಂಗ್‌ಗಳ ಉದ್ದದಿಂದ ಅಳೆಯುತ್ತದೆ: ಮೊದಲನೆಯದಕ್ಕೆ 2 ಬೈಟ್, ಎರಡನೆಯದಕ್ಕೆ 101, ಒಟ್ಟು 103. ನಂತರ ನಕಲು ಶುರು. ಬ್ಯಾಕ್‌ಸ್ಲ್ಯಾಶ್ ಕಂಡಿತು, ಹಾರಿಸು, ಮುಂದಿನ ಅಕ್ಷರವನ್ನು ಇದ್ದ ಹಾಗೇ ಬರೆ. ಮುಂದಿನ ಅಕ್ಷರ ಯಾವುದು? ಪದ ಮುಗಿಯಿತೆಂದು ಹೇಳಬೇಕಾಗಿದ್ದ ನಲ್ ಬೈಟ್. ಕೋಡ್ ಅದನ್ನೂ ಮಾಮೂಲಿ ಅಕ್ಷರವೆಂದು ನಕಲಿಸಿ ದಾಟಿಬಿಡುತ್ತದೆ. ಆಚೆಗಿರುವುದು ಎರಡನೇ ಪದದ ನೂರು ಅಕ್ಷರಗಳು. ಅವನ್ನು ಮೊದಲ ಪದದ ಭಾಗವೆಂದೇ ಬರೆಯುತ್ತದೆ, ಕೊನೆಗೊಂದು ಖಾಲಿ ಜಾಗ ಸೇರಿಸುತ್ತದೆ. ಆಮೇಲೆ ಎರಡನೇ ಪದದ ಸರದಿ ಬಂದಾಗ ಅದೇ ನೂರು ಅಕ್ಷರಗಳನ್ನು ಮತ್ತೊಮ್ಮೆ ಬರೆದು, ಇನ್ನೊಂದು ಖಾಲಿ ಜಾಗ ಸೇರಿಸುತ್ತದೆ. ಬರೆದದ್ದು ಒಟ್ಟು 203 ಬೈಟ್. ಕಾದಿರಿಸಿದ್ದು 103. ಮೂವತ್ತು ನಲವತ್ತರ ಸೈಟಿಗೆ ಪ್ಲಾನ್ ಪಾಸ್ ಮಾಡಿಸಿ, ಪಕ್ಕದವರ ಸೈಟನ್ನೂ ಸೇರಿಸಿ ಮನೆ ಎಬ್ಬಿಸಿದ ಹಾಗೆ. ಇದನ್ನೇ ಹೀಪ್ ಬಫರ್ ಓವರ್‌ಫ್ಲೋ ಎನ್ನುವುದು.

ಇಡೀ ದೋಷ ಇಷ್ಟೇ. ಒಂದು ಹಂತ ಇನ್ನೊಂದರ ಕೆಲಸ ಮುಗಿದಿದೆ ಎಂದು ಊಹಿಸಿತು, ಮುಗಿದಿದೆಯೇ ಎಂದು ನೋಡಲಿಲ್ಲ.

ತಪ್ಪು ಕಲ್ಪನೆ 2: ಮೆಮೊರಿ ಕೆಟ್ಟರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ, ಅಷ್ಟೇ ತಾನೇ?

ವಾಸ್ತವ: ಕ್ರ್ಯಾಶ್ ಆಗುವುದು ಕಣ್ಣು ಮುಚ್ಚಿ ಬರೆದಾಗ. ಕ್ವಾಲಿಸ್ ತನ್ನ ವರದಿಯಲ್ಲಿ ತೋರಿಸಿದ ಮೊದಲ ಉದಾಹರಣೆಯೂ ಅಂಥದ್ದೇ. ಬ್ಯಾಕ್‌ಸ್ಲ್ಯಾಶ್‌ನ ಮುಂದೆ 65,536 ಎ ಅಕ್ಷರಗಳನ್ನು ಕೊಟ್ಟರು. ಹೀಪ್ ಕೆಟ್ಟಿದೆ ಎಂದು ಸಿ ಲೈಬ್ರರಿ ದೂರು ಹೇಳಿ ಪ್ರೋಗ್ರಾಂ ನಿಂತಿತು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಸೇವೆಗೆ ಒಂದು ಅಡಚಣೆ, ಅಷ್ಟೇ ಆಗಿರುತ್ತಿತ್ತು.

ಆದರೆ ಈ ದೋಷ ದಾಳಿಕೋರನ ಕೈಗೆ ಕೊಡುವ ಹಿಡಿತ ಅಸಾಧಾರಣವಾದದ್ದು. ಎಷ್ಟು ದೊಡ್ಡ ಜಾಗ ಕಾದಿರಿಸಬೇಕು ಎಂಬುದನ್ನು ಪದಗಳ ಉದ್ದದ ಮೂಲಕ ಅವನೇ ತೀರ್ಮಾನಿಸಬಹುದು. ಲಿನಕ್ಸ್‌ನಲ್ಲಿ ಆದೇಶದ ಪದಗಳ ಬೆನ್ನಿಗೇ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಮೆಮೊರಿಯಲ್ಲಿ ಕೂತಿರುತ್ತವೆ. ಕೊನೆಯ ಪದ ಬ್ಯಾಕ್‌ಸ್ಲ್ಯಾಶ್‌ನಲ್ಲಿ ಮುಗಿದರೆ ನಕಲು ಅವುಗಳ ಒಳಗೆ ನುಗ್ಗುತ್ತದೆ. ಹಾಗಾಗಿ ಎಷ್ಟು ಉಕ್ಕಬೇಕು, ಏನು ಉಕ್ಕಬೇಕು ಎಂಬುದೂ ಅವನ ಆಯ್ಕೆಯೇ. ಸ್ಟ್ರಿಂಗ್ ಓವರ್‌ಫ್ಲೋಗಳಲ್ಲಿ ಸಾಮಾನ್ಯವಾಗಿ ನಲ್ ಬೈಟ್ ಬರೆಯಲು ಆಗುವುದಿಲ್ಲ, ಅದು ಬಂದ ಕೂಡಲೇ ನಕಲು ನಿಲ್ಲುತ್ತದೆ. ಇಲ್ಲಿ ಒಂದೊಂದು ಒಂಟಿ ಬ್ಯಾಕ್‌ಸ್ಲ್ಯಾಶ್ ಒಂದೊಂದು ನಲ್ ಬೈಟನ್ನು ಬರೆದುಕೊಡುತ್ತದೆ.

ಇಷ್ಟು ಹಿಡಿತವಿದ್ದರೆ ಪಕ್ಕದ ಜಾಗದಲ್ಲಿರುವ ದತ್ತಾಂಶವನ್ನು ಬೇಕಾದ ಹಾಗೆ ತಿದ್ದಿ ಬರೆಯಬಹುದು. ಕ್ವಾಲಿಸ್ ಉಬುಂಟು 20.04, ಡೆಬಿಯನ್ 10 ಮತ್ತು ಫೆಡೋರಾ 33ರಲ್ಲಿ ಸಂಪೂರ್ಣ ರೂಟ್ ಅಧಿಕಾರ ಪಡೆದು ತೋರಿಸಿತು.

ತಪ್ಪು ಕಲ್ಪನೆ 3: ಸುಡೊ ಪಾಸ್‌ವರ್ಡ್ ಕೇಳುತ್ತದಲ್ಲ! ಅನುಮತಿ ಇಲ್ಲದವರು ಏನು ಮಾಡಲಾದೀತು?

ವಾಸ್ತವ: ಯಾರಿಗೆ ಏನು ಅನುಮತಿ ಎಂಬ ಪಟ್ಟಿ ಸುಡೊಅರ್ಸ್ ಎಂಬ ಕಡತದಲ್ಲಿರುತ್ತದೆ. ಆ ಪಟ್ಟಿಯಲ್ಲಿ ಹೆಸರಿಲ್ಲದವರೂ ಈ ದೋಷವನ್ನು ಬಳಸಬಹುದಿತ್ತು. ಪಾಸ್‌ವರ್ಡ್ ಗೊತ್ತಿರಬೇಕಾಗಿಯೂ ಇರಲಿಲ್ಲ. ಯಾವ ಅಧಿಕಾರವೂ ಇಲ್ಲದ ನೋಬಡಿ ಖಾತೆಗೂ ಇದು ಸಾಕಾಗಿತ್ತು.

ಕಾರಣ ಸರಳ. ಸುಡೊ ಕಡತದ ಒಡೆಯ ರೂಟ್, ಅದರ ಮೇಲೆ ಸೆಟ್‌ಯುಐಡಿ ಎಂಬ ಗುರುತಿದೆ. ಯಾರು ಕರೆದರೂ ಅದು ಮೊದಲ ಕ್ಷಣದಿಂದಲೇ ರೂಟ್ ಆಗಿ ಓಡುತ್ತದೆ. ಅನುಮತಿ ಇದೆಯೇ ಇಲ್ಲವೇ ಎಂದು ತೀರ್ಮಾನಿಸಬೇಕಾದರೆ ಮೊದಲು ಬಳಕೆದಾರ ಏನು ಕೇಳುತ್ತಿದ್ದಾನೆ ಎಂದು ಓದಬೇಕು. ದೋಷ ಇದ್ದದ್ದು ಆ ಓದುವ ಕೆಲಸದಲ್ಲೇ. ಪಾಸ್‌ವರ್ಡ್ ಎಂಬ ಬಾಗಿಲಿಗೆ ಬರುವ ಮೊದಲೇ ಗೋಡೆ ಬಿರುಕು ಬಿಟ್ಟಿತ್ತು.

ತಪ್ಪು ಕಲ್ಪನೆ 4: ಇಂದಿನ ಆಪರೇಟಿಂಗ್ ಸಿಸ್ಟಂಗಳಲ್ಲಿ ರಕ್ಷಣೆಗಳಿವೆ. ಓವರ್‌ಫ್ಲೋ ಎಲ್ಲ ಹಳೆಯ ಕಾಲದ ಮಾತು.

ವಾಸ್ತವ: ಓವರ್‌ಫ್ಲೋ ಹಳೆಯದು ಎಂಬುದು ನಿಜ. 1988ರ ನವೆಂಬರ್‌ನಲ್ಲಿ ಇಂಟರ್ನೆಟ್ ತತ್ತರಿಸುವಂತೆ ಮಾಡಿದ ಮೊರಿಸ್ ವರ್ಮ್ ಬಳಸಿದ ದಾರಿಗಳಲ್ಲಿ ಒಂದು ಬಫರ್ ಓವರ್‌ಫ್ಲೋ. ಅಲ್ಲಿಂದೀಚೆಗೆ ರಕ್ಷಣೆಗಳು ಬೆಳೆದಿವೆ. ಪ್ರೋಗ್ರಾಂ ಓಡಿದಾಗಲೆಲ್ಲ ಅದರ ಭಾಗಗಳ ವಿಳಾಸ ಬದಲಿಸುವ ಎಎಸ್‌ಎಲ್‌ಆರ್ ಇದೆ. ದತ್ತಾಂಶ ಇರುವ ಜಾಗದಿಂದ ಕೋಡ್ ಓಡದಂತೆ ತಡೆಯುವ ವ್ಯವಸ್ಥೆ ಇದೆ. ಇವು ಬೇಕೇ ಬೇಕು, ಎಷ್ಟೋ ದಾಳಿಗಳನ್ನು ಇವು ನಿಲ್ಲಿಸಿವೆ.

ಆದರೆ ಇವು ದೋಷವನ್ನು ಇಲ್ಲವಾಗಿಸುವುದಿಲ್ಲ, ಅದನ್ನು ಬಳಸುವ ದಾರಿಯನ್ನು ಕಷ್ಟಗೊಳಿಸುತ್ತವೆ. ಕ್ವಾಲಿಸ್ ಕಂಡುಕೊಂಡ ಒಂದು ದಾರಿಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬಳಕೆದಾರರ ಹೆಸರು, ಗುಂಪು ಇತ್ಯಾದಿ ಹುಡುಕಲು ಲಿನಕ್ಸ್‌ನ ಸಿ ಲೈಬ್ರರಿ ಸಣ್ಣ ಸಣ್ಣ ಸಹಾಯಕ ಲೈಬ್ರರಿಗಳನ್ನು ಬೇಕಾದಾಗ ಲೋಡ್ ಮಾಡಿಕೊಳ್ಳುತ್ತದೆ. ಯಾವುದನ್ನು ಲೋಡ್ ಮಾಡಬೇಕು ಎಂಬ ಹೆಸರು ಹೀಪ್‌ನಲ್ಲೇ ಒಂದು ಕಡೆ ಬರೆದಿರುತ್ತದೆ. ಉಕ್ಕಿದ ಬೈಟ್‌ಗಳು ಆ ಹೆಸರಿನ ಮೇಲೆ ಬಿದ್ದು, ಅಲ್ಲಿ ಸ್ಲ್ಯಾಶ್ ಇರುವ ಇನ್ನೊಂದು ಹೆಸರನ್ನು ಬರೆಯುತ್ತವೆ. ಸ್ಲ್ಯಾಶ್ ಇದ್ದರೆ ಅದು ಕಡತದ ದಾರಿ ಎಂದು ಅರ್ಥ. ಆಗ ಸಿ ಲೈಬ್ರರಿ ದಾಳಿಕೋರ ನಿಂತಿರುವ ಫೋಲ್ಡರಿನಿಂದಲೇ, ಅವನೇ ಬರೆದಿಟ್ಟ ಲೈಬ್ರರಿಯನ್ನು, ರೂಟ್ ಅಧಿಕಾರದಲ್ಲಿ ಲೋಡ್ ಮಾಡಿ ಓಡಿಸುತ್ತದೆ.

ಈ ದಾರಿಯಲ್ಲಿ ಒಂದೇ ಒಂದು ವಿಳಾಸವೂ ಗೊತ್ತಿರಬೇಕಾಗಿಲ್ಲ. ಹಾಗಾಗಿ ವಿಳಾಸ ಮುಚ್ಚಿಡುವ ಎಎಸ್‌ಎಲ್‌ಆರ್‌ಗೆ ಇಲ್ಲಿ ಕೆಲಸವೇ ಇಲ್ಲ. ಆ ಹೆಸರು ಇರುವ ಜಾಗ ಉಕ್ಕುವ ಜಾಗದ ಮುಂದೆಯೇ ಬರುವಂತೆ ಹೀಪನ್ನು ಜೋಡಿಸಲು ಅವರು ಬಳಸಿದ್ದು ಭಾಷೆ, ದಿನಾಂಕದ ರೂಪ ಮುಂತಾದವನ್ನು ತಿಳಿಸುವ ಲೊಕೇಲ್ ವೇರಿಯಬಲ್‌ಗಳನ್ನು. ಕನ್ನಡದಲ್ಲಿ ದಿನಾಂಕ ಕಾಣಲಿ ಎಂದು ನಾವು ಹೊಂದಿಸುವ ಅದೇ ಸೌಕರ್ಯ.

ತಪ್ಪು ಕಲ್ಪನೆ 5: ಓಪನ್ ಸೋರ್ಸ್ ಕೋಡನ್ನು ಸಾವಿರಾರು ಜನ ನೋಡುತ್ತಾರೆ. ದೋಷ ಅಡಗಿ ಕೂರಲಾರದು.

ವಾಸ್ತವ: ನೋಡಬಹುದು ಎಂಬುದಕ್ಕೂ ನೋಡಿದ್ದಾರೆ ಎಂಬುದಕ್ಕೂ ಅಂತರವಿದೆ. ಈ ದೋಷ ಒಂಬತ್ತೂವರೆ ವರ್ಷ ಎಲ್ಲರ ಕಣ್ಣೆದುರೇ ಇತ್ತು. ಕಣ್ಣಿಗೆ ಬೀಳದಿರಲು ಕಾರಣವೂ ಇದೆ. ಬ್ಯಾಕ್‌ಸ್ಲ್ಯಾಶ್ ಸೇರಿಸುವ ಕೋಡ್ ಒಂದು ಕಡತದಲ್ಲಿ, ಕಳಚುವ ಕೋಡ್ ಇನ್ನೊಂದರಲ್ಲಿ. ಬಿಡಿಬಿಡಿಯಾಗಿ ಓದಿದರೆ ಎರಡೂ ಸರಿ. ತಪ್ಪು ಕಾಣುವುದು ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು, ಒಂದು ನಡೆಯದೆ ಇನ್ನೊಂದು ಮಾತ್ರ ನಡೆಯುವ ದಾರಿ ಇದೆಯೇ ಎಂದು ಹುಡುಕಿದಾಗ.

ಯಾಂತ್ರಿಕ ಪರೀಕ್ಷೆಗೂ ಇದು ಸುಲಭವಾಗಿ ಸಿಗುವಂಥದ್ದಲ್ಲ. ಯಾದೃಚ್ಛಿಕ ಇನ್‌ಪುಟ್ ಕೊಟ್ಟು ದೋಷ ಹುಡುಕುವ ಫಝಿಂಗ್ ಸಾಧನಗಳು ಸಾಮಾನ್ಯವಾಗಿ ಕಡತದ ಒಳಗಿನ ವಿಷಯವನ್ನು ಬದಲಿಸುತ್ತಾ ಹೋಗುತ್ತವೆ. ಇಲ್ಲಿ ಬದಲಾಗಬೇಕಾಗಿದ್ದುದು ಪ್ರೋಗ್ರಾಂ ಅನ್ನು ಯಾವ ಹೆಸರಿನಿಂದ ಕರೆದೆವು ಎಂಬುದು.

ಇದನ್ನೇ ಹಿಡಿದು "ಹಾಗಾದರೆ ಓಪನ್ ಸೋರ್ಸ್ ನಂಬಲಾಗದು" ಎನ್ನುವುದೂ ಅಷ್ಟೇ ತಪ್ಪು. ಹೊರಗಿನವರು ಕೋಡ್ ಓದಿ ದೋಷ ಹಿಡಿದರು. ತೇಪೆಯ ಪ್ರತಿ ಸಾಲನ್ನೂ ಯಾರು ಬೇಕಾದರೂ ಪರಿಶೀಲಿಸುವಂತಾಯಿತು. ಮುಚ್ಚಿದ ಕೋಡ್ ಆಗಿದ್ದರೆ ಈ ಎರಡೂ ಆಗುತ್ತಿರಲಿಲ್ಲ. ಬಾಗಿಲು ತೆರೆದಿದ್ದರಷ್ಟೇ ಸಾಲದು, ಒಳಗೆ ಹೋಗಿ ನೋಡುವವರಿಗೆ ಸಮಯವೂ ಸಂಬಳವೂ ಸಿಗಬೇಕು.

ತಪ್ಪು ಕಲ್ಪನೆ 6: ಇದು ಲೋಕಲ್ ದೋಷ. ಇಂಟರ್ನೆಟ್‌ನಿಂದ ನೇರ ದಾಳಿ ಆಗದು, ಅವಸರವಿಲ್ಲ.

ವಾಸ್ತವ: ದಾಳಿಗಳು ಒಂದೇ ಹೆಜ್ಜೆಯಲ್ಲಿ ಮುಗಿಯುವುದು ಅಪರೂಪ. ವೆಬ್ ಸರ್ವರ್‌ನಲ್ಲಿ ಓಡುವ ಯಾವುದೋ ಪ್ಲಗಿನ್‌ನ ದೋಷದಿಂದ ಒಬ್ಬ ಒಳಗೆ ಬರುತ್ತಾನೆ ಎಂದುಕೊಳ್ಳಿ. ಆಗ ಅವನಿಗೆ ಸಿಗುವುದು ವೆಬ್ ಸರ್ವರ್ ಖಾತೆಯ ಅಲ್ಪ ಅಧಿಕಾರ. ಲಾಗ್ ಅಳಿಸಲು, ಬೇರೆ ಬಳಕೆದಾರರ ಕೀಲಿಗಳನ್ನು ಕದಿಯಲು, ಇಡೀ ಯಂತ್ರವನ್ನು ವಶ ಮಾಡಿಕೊಳ್ಳಲು ಅವನಿಗೆ ರೂಟ್ ಬೇಕು. ಲೋಕಲ್ ದೋಷ ಆ ಎರಡನೇ ಹೆಜ್ಜೆ.

ಒಂದೇ ಯಂತ್ರವನ್ನು ಹಲವರು ಬಳಸುವ ಕಡೆಯಂತೂ ಮೊದಲ ಹೆಜ್ಜೆಯ ಅಗತ್ಯವೂ ಇಲ್ಲ. ಕಾಲೇಜಿನ ಲ್ಯಾಬ್ ಸರ್ವರ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಖಾತೆ ಇರುತ್ತದೆ. ಸಂಶೋಧನಾ ಸಂಸ್ಥೆಗಳ ಕ್ಲಸ್ಟರ್‌ಗಳಲ್ಲಿ ಹೊರಗಿನ ಅತಿಥಿಗಳಿಗೂ ಖಾತೆ ಇರುತ್ತದೆ. ನಿಜವಾದ ದಾಳಿಗಳಲ್ಲಿ ಬಳಕೆಯಾದ ದೋಷಗಳ ತನ್ನ ಪಟ್ಟಿಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2022ರ ಏಪ್ರಿಲ್‌ನಲ್ಲಿ ಈ ದೋಷವನ್ನೂ ಸೇರಿಸಿತು. ತೇಪೆ ಬಂದು ವರ್ಷ ದಾಟಿತ್ತು.

ತಪ್ಪು ಕಲ್ಪನೆ 7: ಸುಡೊಎಡಿಟ್ ಕೊಂಡಿಯನ್ನು ಅಳಿಸಿದರೆ ಮುಗಿಯಿತು, ಅಪ್‌ಡೇಟ್ ಬೇಕಿಲ್ಲ.

ವಾಸ್ತವ: ಸುಡೊಎಡಿಟ್ ಎಂಬುದು ಪ್ರತ್ಯೇಕ ಪ್ರೋಗ್ರಾಂ ಅಲ್ಲ, ಸುಡೊ ಕಡತಕ್ಕೇ ಹಾಕಿದ ಒಂದು ಕೊಂಡಿ. ತನ್ನನ್ನು ಯಾವ ಹೆಸರಿನಿಂದ ಕರೆದರು ಎಂದು ಸುಡೊ ನೋಡಿಕೊಳ್ಳುತ್ತದೆ. ಆ ಹೆಸರಿನ ಕೊನೆಯ ನಾಲ್ಕು ಅಕ್ಷರ ಎಡಿಟ್ ಆಗಿದ್ದರೆ ಎಡಿಟ್ ರೀತಿಯಲ್ಲಿ ವರ್ತಿಸುತ್ತದೆ. ವ್ಯವಸ್ಥೆಯ ಕೊಂಡಿಯನ್ನು ಅಡ್ಮಿನ್ ಅಳಿಸಿದರೆ, ಬಳಕೆದಾರ ತನ್ನ ಹೋಮ್ ಫೋಲ್ಡರಿನಲ್ಲೇ ಅದೇ ಹೆಸರಿನ ಹೊಸ ಕೊಂಡಿ ಮಾಡಿಕೊಳ್ಳುತ್ತಾನೆ. ಕೊಂಡಿ ಮಾಡಲು ಯಾವ ವಿಶೇಷ ಅಧಿಕಾರವೂ ಬೇಡ. ಕೊಂಡಿಯ ಮೂಲಕ ಕರೆದರೂ ಓಡುವುದು ರೂಟ್ ಒಡೆತನದ ಅದೇ ಸುಡೊ.

ತೇಪೆ ಹಾಕಲು ಸಾಧ್ಯವೇ ಆಗದ ಕಡೆ ರೆಡ್‌ಹ್ಯಾಟ್ ಸೂಚಿಸಿದ ತಾತ್ಕಾಲಿಕ ಉಪಾಯ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿತ್ತು. ಸಿಸ್ಟಮ್‌ಟ್ಯಾಪ್ ಎಂಬ ಸಾಧನದಿಂದ ಸುಡೊದ ಪ್ರತಿ ಓಟವನ್ನೂ ಗಮನಿಸಿ, ಕರೆದ ಹೆಸರಿನಲ್ಲಿ ಎಡಿಟ್ ಕಂಡರೆ ಆ ಕ್ಷಣವೇ ಅದನ್ನು ಕೊಲ್ಲುವುದು. ಆದರೆ ಯಂತ್ರ ರೀಬೂಟ್ ಆದರೆ ಆ ಕಾವಲೂ ಹೋಗುತ್ತದೆ. ಇಂಥದ್ದು ತೇಪೆ ಬರುವವರೆಗಿನ ಆಸರೆ, ತೇಪೆಗೆ ಬದಲಿಯಲ್ಲ.

ನಿಜವಾದ ತೇಪೆ ಏನು ಮಾಡಿತು ನೋಡಿ. ಸುಡೊಎಡಿಟ್‌ಗೆ ಶೆಲ್ ಆಯ್ಕೆ ಕೊಟ್ಟರೆ ಬಾಗಿಲಲ್ಲೇ ತಿರಸ್ಕರಿಸುವಂತೆ ಮಾಡಿತು. ಬ್ಯಾಕ್‌ಸ್ಲ್ಯಾಶ್ ಸೇರಿಸಿದ ಸಂದರ್ಭದಲ್ಲಿ ಮಾತ್ರ ಕಳಚುವಂತೆ ಮಾಡಿತು. ಕಳಚುವಾಗಲೂ ಮುಂದಿನದು ನಲ್ ಬೈಟ್ ಆಗಿದ್ದರೆ ದಾಟದಂತೆ ತಡೆಯಿತು. ಒಂದೇ ತಡೆ ಸಾಕಿತ್ತು, ಆದರೂ ಮೂರು ಹಾಕಿದರು. ಊಹೆಯ ಮೇಲೆ ನಿಂತ ಕೋಡನ್ನು ತಿದ್ದುವ ಸರಿಯಾದ ಕ್ರಮ ಇದು.

ತಪ್ಪು ಕಲ್ಪನೆ 8: ನನ್ನ ಸುಡೊ ಆವೃತ್ತಿ 1.8.31 ಎಂದು ತೋರಿಸುತ್ತಿದೆ, ಆದ್ದರಿಂದ ಅದು ಅಪಾಯದಲ್ಲಿದೆ.

ವಾಸ್ತವ: ಇರಬಹುದು, ಇಲ್ಲದಿರಲೂಬಹುದು. ಡೆಬಿಯನ್, ಉಬುಂಟು, ರೆಡ್‌ಹ್ಯಾಟ್ ಮುಂತಾದ ವಿತರಣೆಗಳು ಸ್ಥಿರ ಆವೃತ್ತಿಗಳಲ್ಲಿ ಇಡೀ ಸಾಧನವನ್ನು ಹೊಸದಕ್ಕೆ ಏರಿಸುವುದಿಲ್ಲ. ಹಳೆಯ ಆವೃತ್ತಿಗೇ ತೇಪೆಯನ್ನಷ್ಟೇ ಹಚ್ಚುತ್ತವೆ. ಉಬುಂಟು 20.04ರಲ್ಲಿ ಸರಿಪಡಿಸಿದ ಪ್ಯಾಕೇಜಿನ ಹೆಸರು 1.8.31-1ಉಬುಂಟು1.2. ಡೆಬಿಯನ್ 10ರಲ್ಲಿ 1.8.27-1+ಡೆಬ್10ಯು3. ಮೊದಲಿಗಿರುವ ಅಂಕಿ ಹಳೆಯದೇ, ತೇಪೆಯ ಗುರುತು ಇರುವುದು ಬಾಲದಲ್ಲಿ. ಸುಡೊಗೆ ಅದರ ಆವೃತ್ತಿ ಕೇಳಿದರೆ ಈ ಬಾಲ ಕಾಣುವುದಿಲ್ಲ, ಪ್ಯಾಕೇಜ್ ಮ್ಯಾನೇಜರನ್ನೇ ಕೇಳಬೇಕು.

ನೇರ ಪರೀಕ್ಷೆಯೂ ಇದೆ. ನಿಮ್ಮದೇ ಯಂತ್ರದಲ್ಲಿ, ರೂಟ್ ಅಲ್ಲದ ಖಾತೆಯಿಂದ, ಸುಡೊಎಡಿಟ್‌ಗೆ ಹೈಫನ್ ಜೊತೆ ಸಣ್ಣ ಎಸ್ ಕೊಟ್ಟು, ಮುಂದೆ ಒಂದು ಸ್ಲ್ಯಾಶ್ ಹಾಕಿ. ಬ್ಯಾಕ್‌ಸ್ಲ್ಯಾಶ್ ಅಲ್ಲ, ಮಾಮೂಲಿ ಸ್ಲ್ಯಾಶ್. ಉತ್ತರ 'ಯೂಸೇಜ್' ಎಂದು ಶುರುವಾಗಿ ಬಳಕೆಯ ಕ್ರಮ ತೋರಿಸಿದರೆ ತೇಪೆ ಬಿದ್ದಿದೆ. 'ಸುಡೊಎಡಿಟ್' ಎಂದು ಶುರುವಾಗುವ ದೂರು ಬಂದರೆ ಅಥವಾ ಪಾಸ್‌ವರ್ಡ್ ಕೇಳಿದರೆ ಬಿದ್ದಿಲ್ಲ. ಈ ಪರೀಕ್ಷೆ ಏನನ್ನೂ ಕೆಡಿಸುವುದಿಲ್ಲ.

ತಪ್ಪು ಕಲ್ಪನೆ 9: ಇದು ಲಿನಕ್ಸ್ ಸರ್ವರ್‌ಗಳ ತಲೆನೋವು ಮಾತ್ರ.

ವಾಸ್ತವ: ಸುಡೊ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಪ್ರಶ್ನೆ ಏಳುತ್ತದೆ. ಮ್ಯಾಕ್‌ನಲ್ಲೂ ಇದೇ ದೋಷ ಇರುವುದು ಕೆಲವೇ ದಿನಗಳಲ್ಲಿ ಪತ್ತೆಯಾಯಿತು. ಆಪಲ್ 2021ರ ಫೆಬ್ರವರಿ 9ರಂದು ಮ್ಯಾಕ್‌ಓಎಸ್ ಬಿಗ್ ಸರ್ 11.2.1ರ ಮೂಲಕ ಸರಿಪಡಿಸಿತು. ಸಿಸ್ಕೊ ಕೂಡ ತನ್ನ ಉಪಕರಣಗಳ ಬಗ್ಗೆ ಪ್ರಕಟಣೆ ಹೊರಡಿಸಬೇಕಾಯಿತು. ಸುಲಭವಾಗಿ ಮರೆತುಹೋಗುವುದು ಕಂಟೇನರ್‌ಗಳು. ಹೊರಗಿನ ಯಂತ್ರವನ್ನು ಅಪ್‌ಡೇಟ್ ಮಾಡಿದರೆ ಕಂಟೇನರ್ ಇಮೇಜ್‌ನೊಳಗಿನ ಸುಡೊ ಅಪ್‌ಡೇಟ್ ಆಗುವುದಿಲ್ಲ, ಇಮೇಜನ್ನೇ ಹೊಸದಾಗಿ ಕಟ್ಟಬೇಕು. ವರ್ಷಗಳ ಹಿಂದೆ ತೆಗೆದಿಟ್ಟ ವರ್ಚುವಲ್ ಮಷೀನ್ ಪ್ರತಿಯಿಂದ ಹೊಸ ಯಂತ್ರ ಎಬ್ಬಿಸಿದರೆ ಹಳೆಯ ದೋಷವೂ ಜೊತೆಗೇ ಎದ್ದು ಬರುತ್ತದೆ.

ತಪ್ಪು ಕಲ್ಪನೆ 10: ದೋಷವನ್ನು ಬಹಿರಂಗ ಮಾಡುವುದರಿಂದ ದಾಳಿಕೋರರಿಗೇ ಲಾಭ. ಗುಟ್ಟಾಗಿಟ್ಟಿದ್ದರೆ ಒಳ್ಳೆಯದಿತ್ತು.

ವಾಸ್ತವ: ಕ್ವಾಲಿಸ್ ನೇರವಾಗಿ ಡಂಗುರ ಸಾರಲಿಲ್ಲ. 2021ರ ಜನವರಿ 13ರಂದು ಟಾಡ್ ಮಿಲ್ಲರ್‌ಗೆ ವಿವರ ಕಳಿಸಿದರು. 19ರಂದು ತೇಪೆಯ ಜೊತೆ ಲಿನಕ್ಸ್ ವಿತರಣೆಗಳ ಭದ್ರತಾ ತಂಡಗಳಿಗೆ ಗುಟ್ಟಾಗಿ ತಿಳಿಸಿದರು. ಎಲ್ಲರೂ ಪ್ಯಾಕೇಜ್ ಸಿದ್ಧಪಡಿಸಿಕೊಂಡ ಮೇಲೆ 26ರಂದು ಒಟ್ಟಿಗೆ ಪ್ರಕಟಿಸಿದರು. ಸುದ್ದಿ ಓದಿದವರು ಅದೇ ದಿನ ಅಪ್‌ಡೇಟ್ ಮಾಡಿಕೊಳ್ಳಬಹುದಿತ್ತು. ವಿವರ ಪ್ರಕಟಿಸದೆ ತೇಪೆಯನ್ನಷ್ಟೇ ಬಿಟ್ಟಿದ್ದರೂ, ಹಳೆಯ ಕೋಡ್ ಮತ್ತು ಹೊಸ ಕೋಡ್ ಅಕ್ಕಪಕ್ಕ ಇಟ್ಟು ನೋಡುವವರಿಗೆ ದೋಷ ಎಲ್ಲಿತ್ತೆಂದು ಗೊತ್ತಾಗುತ್ತದೆ. ಗುಟ್ಟಿನಿಂದ ಕತ್ತಲಲ್ಲಿ ಉಳಿಯುವವರು ತೇಪೆ ಎಷ್ಟು ಜರೂರು ಎಂದು ತಿಳಿಯದ ಅಡ್ಮಿನ್‌ಗಳು. ಮುಂದಿನ ತಲೆಮಾರಿನ ಪ್ರೋಗ್ರಾಮರ್‌ಗಳು ಪಾಠ ಕಲಿಯುವುದೂ ಇಂಥ ವಿವರವಾದ ವರದಿಗಳಿಂದಲೇ.

ತಪ್ಪು ಕಲ್ಪನೆ 11: ಎಲ್ಲದಕ್ಕೂ ಸಿ ಭಾಷೆಯೇ ಕಾರಣ. ರಸ್ಟ್‌ನಲ್ಲಿ ಬರೆದರೆ ಸಮಸ್ಯೆ ಮುಗಿಯಿತು.

ವಾಸ್ತವ: ಅರ್ಧ ನಿಜ, ಮತ್ತು ಆ ಅರ್ಧ ದೊಡ್ಡದು. ಕಾದಿರಿಸಿದ ಜಾಗ ದಾಟಿ ಬರೆಯಲು ಸಿ ಬಿಡುತ್ತದೆ, ರಸ್ಟ್ ಬಿಡುವುದಿಲ್ಲ. ಅದೇ ತರ್ಕದೋಷವನ್ನು ರಸ್ಟ್‌ನಲ್ಲಿ ಮಾಡಿದ್ದರೆ ಪ್ರೋಗ್ರಾಂ ದೂರು ಹೇಳಿ ನಿಲ್ಲುತ್ತಿತ್ತು, ರೂಟ್ ಅಧಿಕಾರ ಬಿಟ್ಟುಕೊಡುತ್ತಿರಲಿಲ್ಲ. ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡಾ 70ರಷ್ಟು ಮೆಮೊರಿ ಸುರಕ್ಷತೆಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು. ಸುಡೊವನ್ನು ರಸ್ಟ್‌ನಲ್ಲಿ ಹೊಸದಾಗಿ ಬರೆದ ಸುಡೊ-ಆರ್‌ಎಸ್ 2023ರಲ್ಲಿ ಹೊರಬಂತು. ಉಬುಂಟು 25.10ರಲ್ಲಿ ಅದೇ ಡೀಫಾಲ್ಟ್ ಆಯಿತು. ಇದು ಸ್ವಾಗತಿಸಬೇಕಾದ ಹೆಜ್ಜೆ.

ಉಳಿದರ್ಧವನ್ನು 2025ರ ಇನ್ನೊಂದು ಸುಡೊ ದೋಷ ತೋರಿಸುತ್ತದೆ. ಸಿವಿಇ-2025-32463 ಎಂಬ ಆ ದೋಷ, ಬೇರೊಂದು ಫೋಲ್ಡರನ್ನೇ ಮೂಲ ಫೋಲ್ಡರ್ ಎಂದು ಎಣಿಸಿ ಆದೇಶ ನಡೆಸುವ, ಸುಡೊದ ಚ್‌ರೂಟ್ ಆಯ್ಕೆಯಲ್ಲಿತ್ತು. ಬಳಕೆದಾರ ತಾನೇ ಸಿದ್ಧಪಡಿಸಿದ ಫೋಲ್ಡರಿನೊಳಗಿನ ಸೆಟ್ಟಿಂಗ್ ಕಡತವನ್ನು ಸುಡೊ ರೂಟ್ ಆಗಿ ಓದಿ, ಅದು ಹೇಳಿದ ಲೈಬ್ರರಿಯನ್ನು ಲೋಡ್ ಮಾಡುತ್ತಿತ್ತು. ಒಂದು ಬೈಟ್ ಕೂಡ ಜಾಗ ದಾಟಲಿಲ್ಲ. ಆದರೂ ಕೊನೆಗೆ ಆದದ್ದು ಬ್ಯಾರನ್ ಸಮೆಡಿಟ್‌ನಲ್ಲಿ ಆದದ್ದೇ, ದಾಳಿಕೋರನ ಲೈಬ್ರರಿ ರೂಟ್ ಆಗಿ ಓಡಿತು. ನಂಬಬಾರದ್ದನ್ನು ನಂಬುವುದನ್ನು ಯಾವ ಭಾಷೆಯೂ ತಡೆಯಲಾರದು. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ 2015ರಲ್ಲಿ ಹಿಡಿದ ದಾರಿ ಬೇರೆ. ಸುಡೊದ ಬದಲು ಡೂಆಸ್ ಎಂಬ ಚಿಕ್ಕ ಸಾಧನವನ್ನು ತಂದಿತು. ಕೋಡ್ ಕಡಿಮೆಯಾದಷ್ಟೂ ಪರೀಕ್ಷಿಸಬೇಕಾದ ಊಹೆಗಳೂ ಕಡಿಮೆ.

ಹಾಗಾದರೆ ಮಾಡಬೇಕಾದ್ದೇನು?

ಯಂತ್ರ ನೋಡಿಕೊಳ್ಳುವವರಿಗೆ ಕೆಲಸ ಚಿಕ್ಕದು. ಪ್ಯಾಕೇಜ್ ಮ್ಯಾನೇಜರ್‌ನಿಂದ ಸುಡೊ ಅಪ್‌ಡೇಟ್ ಮಾಡಿ. ಕರೆದಾಗಲೆಲ್ಲ ಸುಡೊ ಹೊಸದಾಗಿ ಓಡುವುದರಿಂದ ರೀಬೂಟ್ ಕೂಡ ಬೇಕಿಲ್ಲ, ಮುಂದಿನ ಕರೆಗೆ ಹೊಸದೇ ಬರುತ್ತದೆ. ಮೇಲೆ ಹೇಳಿದ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಿ. ಕಂಟೇನರ್ ಇಮೇಜ್‌ಗಳನ್ನೂ ಹಳೆಯ ಪ್ರತಿಗಳನ್ನೂ ಪಟ್ಟಿಗೆ ಸೇರಿಸಿ. ವಿತರಣೆಯ ಬೆಂಬಲದ ಅವಧಿ ಮುಗಿದಿದ್ದರೆ ತೇಪೆ ಬರುವುದೇ ಇಲ್ಲ, ಅಲ್ಲಿ ಆಪರೇಟಿಂಗ್ ಸಿಸ್ಟಂ ಬದಲಿಸುವುದೊಂದೇ ದಾರಿ. ಸುಡೊ ಬೇಕಿಲ್ಲದ ಕಂಟೇನರ್‌ನಲ್ಲಿ ಅದನ್ನು ಇಡಲೇಬೇಡಿ. ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಬೀಳುವಂತೆ ಒಮ್ಮೆ ಹೊಂದಿಸಿಟ್ಟರೆ ಮುಂದಿನ ದೋಷಕ್ಕೆ ಅರ್ಧ ತಯಾರಿ ಮುಗಿದ ಹಾಗೆ.

ಕೋಡ್ ಬರೆಯುವವರಿಗೆ ಕೆಲಸ ಇನ್ನೂ ಮುಖ್ಯವಾದದ್ದು. ನಿಮ್ಮ ಫಂಕ್ಷನ್ ಇನ್ನೊಂದು ಫಂಕ್ಷನ್ ಮಾಡಿರಬೇಕಾದ ಕೆಲಸವನ್ನು ನಂಬಿ ನಿಂತಿದ್ದರೆ, ಆ ನಂಬಿಕೆಯನ್ನು ಅಲ್ಲೇ ಪರೀಕ್ಷಿಸುವ ಒಂದು ಸಾಲು ಬರೆಯಿರಿ. ಉದ್ದ ಅಳೆಯುವ ಕೋಡೂ ನಕಲು ಮಾಡುವ ಕೋಡೂ ಬೇರೆ ಬೇರೆ ನಿಯಮದಿಂದ ನಡೆಯುತ್ತಿದ್ದರೆ ಅಲ್ಲಿ ನಿಂತು ನೋಡಿ. ಗಡಿ ದಾಟಿ ಬರೆದರೆ ಹಿಡಿದು ತೋರಿಸುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಪರೀಕ್ಷೆ ಓಡಿಸಿ. ಕಡತದ ವಿಷಯದ ಜೊತೆಗೆ ಆದೇಶದ ಪದ, ಪ್ರೋಗ್ರಾಂ ಹೆಸರು, ಎನ್ವಿರಾನ್‌ಮೆಂಟ್ ವೇರಿಯಬಲ್ ಇವನ್ನೂ ಬಳಕೆದಾರನಿಂದ ಬಂದ ಇನ್‌ಪುಟ್ ಎಂದೇ ಎಣಿಸಿ. ಸಿ ಕಲಿಸುವ ಅಧ್ಯಾಪಕರು ನಲ್ ಬೈಟ್ ಪಾಠದ ದಿನವೇ ಈ ದೋಷವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಬೇಕು. 103 ಬೈಟ್‌ನ ಜಾಗಕ್ಕೆ 203 ಬೈಟ್ ಬರೆದ ಲೆಕ್ಕವನ್ನು ತಾನೇ ಹಾಕಿ ನೋಡಿದ ವಿದ್ಯಾರ್ಥಿ ಮುಂದೆ ತನ್ನ ಕೋಡಿನಲ್ಲಿ ಗಡಿ ಪರೀಕ್ಷಿಸದೆ ಬಿಡುವುದಿಲ್ಲ.